ಹೃದಯಕ್ಕೆ ಹೊರಗಿನ ಕ್ಯಾಲ್ಸಿಯಂ ಬೇಕೇ ಬೇಕು, ಕೈಕಾಲಿನ ಸ್ನಾಯುವಿಗೆ ಬೇಡ: ಯಾಕೆ?

ಕ್ಯಾತ್ಸಂದ್ರ_ಬಯಾಲಜಿ:
ಬಿಎಸ್ಸಿ ಮಕ್ಕಳಿಗೆ ಸ್ನಾಯು ಸಂಕೋಚನದ ಪಾಠ ಶುರುವಾಗ್ತಿದೆ. ಪುಸ್ತಕದಲ್ಲಿ ಒಂದೇ ಚಿತ್ರ ಕೊಟ್ಟು ಎರಡೂ ಬಗೆಯ ಸ್ನಾಯುವಿನ ವಿಷಯ ಮುಗಿಸಿಬಿಟ್ಟಿದ್ದಾರೆ. ವಿದ್ಯುತ್ ಸಂಕೇತ ಬರುತ್ತೆ, ಜೀವಕೋಶದೊಳಗಿನ ಸಾರ್ಕೊಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನೋ ಚೀಲ ಕ್ಯಾಲ್ಸಿಯಂ ಬಿಡುತ್ತೆ, ಅದು ಸ್ನಾಯುತಂತುವಿನ ಟ್ರೊಪೊನಿನ್ ಅನ್ನೋ ಪ್ರೋಟೀನಿಗೆ ಅಂಟುತ್ತೆ, ಸ್ನಾಯು ಬಿಗಿಯುತ್ತೆ. ಅಷ್ಟೇ. ಹಾಗಿದ್ರೆ ಕಪ್ಪೆ ಕಾಲಿನ ಸ್ನಾಯುವನ್ನ ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿಟ್ಟರೂ ಮಿಡಿಯುತ್ತೆ, ಹೃದಯ ಮಾತ್ರ ಬೇಗ ನಿಂತುಹೋಗುತ್ತೆ, ಯಾಕೆ? ಎರಡರಲ್ಲೂ ದಾಸ್ತಾನು ಒಳಗೇ ಇದೆಯಲ್ಲ?

ಎರಡನೇ ಪ್ರಶ್ನೆ. ಕ್ಯಾಲ್ಸಿಯಂ ಬಂದು ಇನ್ನಷ್ಟು ಕ್ಯಾಲ್ಸಿಯಂ ಬಿಡಿಸುತ್ತೆ ಅಂತಾರೆ. ಹಂಗಾದ್ರೆ ಒಮ್ಮೆ ಶುರುವಾದದ್ದು ಚೀಲ ಪೂರ್ತಿ ಖಾಲಿಯಾಗೋವರೆಗೂ ನಿಲ್ಲಬಾರದು. ಆದ್ರೆ ನಿಲ್ಲುತ್ತೆ. ಹೇಗೆ? ಗೊತ್ತಿರೋರು ಬಿಡಿಸಿ ಹೇಳಿ, ಮಕ್ಕಳು ಖಂಡಿತ ಕೇಳ್ತಾರೆ.

ಟಮಕ_ಫಿಸಿಯೊ:
ಮೊದಲನೇದಕ್ಕೆ ಉತ್ತರ ಹೇಳ್ತೀನಿ. ದಾಸ್ತಾನು ಎರಡರಲ್ಲೂ ಇದೆ, ಬಾಗಿಲು ತೆರೆಯೋ ರೀತಿ ಬೇರೆ.

ಕೈಕಾಲಿನ ಸ್ನಾಯುವಿನಲ್ಲಿ ಟಿ ನಾಳದ (ಹೊರಪೊರೆ ಕೋಶದೊಳಕ್ಕೆ ಇಳಿದು ಆದ ಕೊಳವೆ) ಪೊರೆಯಲ್ಲಿರೋ ಪ್ರೋಟೀನು, ಸಿಎವಿ1.1, ವಿದ್ಯುತ್ ಬದಲಾದ ತಕ್ಷಣ ತನ್ನ ಆಕಾರ ಬದಲಿಸುತ್ತೆ. ಅದು ಎದುರಿಗಿರೋ ಚೀಲದ ಬಾಗಿಲಿಗೆ, ಅಂದ್ರೆ ರಯನೊಡಿನ್ ರಿಸೆಪ್ಟರಿಗೆ, ನೇರವಾಗಿ ತಗುಲಿಕೊಂಡಿದೆ. ಎಳೆದ ಹಾಗೇ ಬಾಗಿಲು ತೆರೆಯುತ್ತೆ. ಹೊರಗಿನಿಂದ ಒಂದು ಕ್ಯಾಲ್ಸಿಯಂ ಅಯಾನೂ ಒಳಗೆ ಬರಬೇಕಾಗಿಲ್ಲ. 1972ರಲ್ಲಿ ಕಪ್ಪೆಯ ಒಂಟಿ ಸ್ನಾಯುತಂತುವನ್ನ ಕ್ಯಾಲ್ಸಿಯಂ ಹಿಡಿದುಬಿಡೋ ಇಜಿಟಿಎ ಹಾಕಿದ ದ್ರಾವಣದಲ್ಲಿಟ್ಟು ನೋಡಿದಾಗ 20 ನಿಮಿಷಕ್ಕೂ ಹೆಚ್ಚು ಮಿಡಿಯಿತು.

ಹೃದಯದಲ್ಲಿ ಆ ನೇರ ಜೋಡಣೆ ಇಲ್ಲ. ಅಲ್ಲಿರೋದು ಸಿಎವಿ1.2, ಎಲ್-ಟೈಪ್ ಕ್ಯಾಲ್ಸಿಯಂ ಚಾನೆಲ್. ಅದರ ಎದುರಿಗೆ ಚೀಲದ ಮೇಲೆ ರಯನೊಡಿನ್ ರಿಸೆಪ್ಟರ್ 2. ನಡುವೆ ಸುಮಾರು 12ರಿಂದ 15 ನ್ಯಾನೊಮೀಟರ್ ಸಂದು. ಚಾನೆಲ್ ತೆರೆದಾಗ ಹೊರಗಿನ ಕ್ಯಾಲ್ಸಿಯಂ ಆ ಸಂದಿಗೆ ನುಗ್ಗುತ್ತೆ, ರಿಸೆಪ್ಟರಿಗೆ ಅಂಟುತ್ತೆ, ಆಗ ಚೀಲ ತೆರೆಯುತ್ತೆ. ಹೊರಗೆ ಕ್ಯಾಲ್ಸಿಯಂ ಇಲ್ಲ ಅಂದ್ರೆ ಕೀಲಿಕೈಯೇ ಇಲ್ಲ, ದಾಸ್ತಾನು ಎಷ್ಟಿದ್ರೇನು?

ಮಾಲೂರು_ಹುಡುಗ:
ಕ್ಯಾಲ್ಸಿಯಂನಿಂದ ಕ್ಯಾಲ್ಸಿಯಂ ಬಿಡುಗಡೆ ಅಂದ್ರೆ ಇದೇನಾ ಸಾರ್? ಫೇಬಿಯಾಟೊ ಕಂಡುಹಿಡಿದದ್ದು ಅಂತ ನೋಟ್ಸಲ್ಲಿದೆ.

ಟಮಕ_ಫಿಸಿಯೊ:
ಹೃದಯದ ಕೋಶದಲ್ಲಿ ಅಚ್ಚುಕಟ್ಟಾಗಿ ತೋರಿಸಿದ್ದು ಫೇಬಿಯಾಟೊ, 1975ರಿಂದ 1985ರವರೆಗಿನ ಕೆಲಸ. ಹೊರಪೊರೆ ತೆಗೆದ ಕೋಶಕ್ಕೆ ಸ್ವಲ್ಪೇ ಸ್ವಲ್ಪ ಕ್ಯಾಲ್ಸಿಯಂ ಕೊಟ್ಟರೆ, ಆ ಪ್ರಮಾಣಕ್ಕೆ ಬರಬಾರದಷ್ಟು ದೊಡ್ಡ ಸಂಕೋಚನ ಬರ್ತಿತ್ತು. ಆದ್ರೆ ಈ ವಿದ್ಯಮಾನ ಮೊದಲು ಕಂಡದ್ದು 1970ರಲ್ಲಿ, ಕೈಕಾಲಿನ ಬಗೆಯ ಸ್ನಾಯುವಿನಲ್ಲೇ. ಅಲ್ಲಿ ಅದು ಮುಖ್ಯ ದಾರಿ ಅಲ್ಲ, ಹೃದಯದಲ್ಲಿ ಅದೇ ಮುಖ್ಯ.

ಪ್ಯಾಚ್‌ಕ್ಲ್ಯಾಂಪ್_ತುಮಕೂರು:
ಒಂದು ತಿದ್ದುಪಡಿ. "ಹೃದಯ ನಿಂತುಹೋಗುತ್ತೆ" ಅನ್ನೋದಕ್ಕೆ ಎಲ್ಲರೂ ಕೊಡೋ ಉದಾಹರಣೆ ಸಿಡ್ನಿ ರಿಂಗರ್, 1883, ಕಪ್ಪೆ ಹೃದಯ. ಆದ್ರೆ ಕಪ್ಪೆ ಹೃದಯದ ಕೋಶದಲ್ಲಿ ಟಿ ನಾಳ ಇಲ್ಲ, ಒಳಚೀಲವೂ ತೀರಾ ಕಡಿಮೆ. ಸಂಕೋಚನಕ್ಕೆ ಬೇಕಾದ ಕ್ಯಾಲ್ಸಿಯಂ ಹೆಚ್ಚುಕಮ್ಮಿ ಪೂರ್ತಿ ಹೊರಗಿನಿಂದಲೇ ಬರಬೇಕು. ಹಂಗಾಗಿ ಅದನ್ನ ತೋರಿಸಿ "ನೋಡಿ, ಕೀಲಿಕೈ ಇಲ್ಲದೆ ಚೀಲ ತೆರೀಲಿಲ್ಲ" ಅಂತ ಪಾಠ ಮಾಡಿದ್ರೆ ತಪ್ಪಾಗುತ್ತೆ. ಅಲ್ಲಿ ತೆರೆಯೋಕೆ ದೊಡ್ಡ ಚೀಲವೇ ಇಲ್ಲ. ಸಸ್ತನಿಗಳ ಕುಹರಕ್ಕೆ ಮಾತ್ರ ಟಮಕ ಸರ್ ವಿವರಣೆ ಸರಿ ಹೊಂದುತ್ತೆ.

ಕ್ಯಾತ್ಸಂದ್ರ_ಬಯಾಲಜಿ:
ಇದು ಬಹಳ ಉಪಯೋಗ ಆಯ್ತು. ಪುಸ್ತಕದಲ್ಲಿ ಕಪ್ಪೆ, ಮನುಷ್ಯ ಎಲ್ಲ ಒಂದೇ ಸಾಲಲ್ಲಿದೆ. ರಿಂಗರ್ ಅಂದ್ರೆ ಆಸ್ಪತ್ರೆಯ ರಿಂಗರ್ ಲ್ಯಾಕ್ಟೇಟ್ ಬಾಟಲಿಯ ರಿಂಗರೇ ತಾನೆ?

ಪ್ಯಾಚ್‌ಕ್ಲ್ಯಾಂಪ್_ತುಮಕೂರು:
ಅವರೇ. ಮೊದಲು ಅವರ ಉಪ್ಪಿನ ದ್ರಾವಣವನ್ನ ಲಂಡನ್ನಿನ ನಲ್ಲಿ ನೀರಿನಲ್ಲಿ ಕಲಸಿದ್ದರು, ಹೃದಯ ಚೆನ್ನಾಗಿ ಬಡಿಯಿತು. ಭಟ್ಟಿ ಇಳಿಸಿದ ನೀರಿನಲ್ಲಿ ಕಲಸಿದಾಗ ನಿಂತಿತು. ನಲ್ಲಿ ನೀರಿನಲ್ಲಿ ಲೀಟರಿಗೆ ಸುಮಾರು 38 ಮಿಲಿಗ್ರಾಂ ಕ್ಯಾಲ್ಸಿಯಂ ಇತ್ತು, ಅಂದ್ರೆ ಹತ್ತಿರ ಹತ್ತಿರ 1 ಮಿಲಿಮೋಲಾರ್. ರಕ್ತದಲ್ಲಿ ಅಯಾನು ರೂಪದ ಕ್ಯಾಲ್ಸಿಯಂ ಇರೋದೂ ಹೆಚ್ಚುಕಮ್ಮಿ ಅಷ್ಟೇ, 1.1ರಿಂದ 1.3.

ರಾಗಿಹೊಲ_ಕೋಲಾರ:
ಅಂಗಾದ್ರೆ ನಮ್ ಕಡೆ ಬೋರ್ ನೀರಲ್ಲಿ ಸುಣ್ಣ ಜಾಸ್ತಿ, ಪಾತ್ರೆ ತಳ ಬೆಳ್ಳಗಾಗುತ್ತೆ. ಅದು ಕುಡುದ್ರೆ ಹೃದಯಕ್ಕೆ ಬಿಗಿ ಜಾಸ್ತಿ ಆಗಲ್ವಾ? ಮನೇಲಿ ಹಿರಿಯರಿಗೆ ಬಿಪಿ ಮಾತ್ರೆ ಕೊಟ್ಟವ್ರೆ, ಅದರ ಎಸರೇ ಕ್ಯಾಲ್ಸಿಯಂ ತಡೆಯೋದು ಅಂತೆ. ರಾಗಿ ಮುದ್ದೆ ಬಿಡಿಸಬೇಕಾ?

ಶಿರಾ_ಫಾರ್ಮಸಿ:
ಬಿಡಿಸಬೇಡಿ ಅಣ್ಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರೋದು ನಿಜ, ಆದ್ರೆ ಎಲ್ಲವೂ ರಕ್ತಕ್ಕೆ ಸೇರಲ್ಲ. ಸೇರಿದ್ದನ್ನೂ ಪ್ಯಾರಾಥೈರಾಯ್ಡ್ ಹಾರ್ಮೋನು, ವಿಟಮಿನ್ ಡಿ, ಮೂಳೆ, ಮೂತ್ರಪಿಂಡ ಎಲ್ಲ ಸೇರಿ ಕಿರಿದಾದ ಮಿತಿಯೊಳಗೆ ಹಿಡಿದಿಡ್ತವೆ. ಒಟ್ಟು ಕ್ಯಾಲ್ಸಿಯಂ ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ. ಊಟದಿಂದ ಅದು ಆಚೀಚೆ ಹೋಗಲ್ಲ. ಬೋರ್ ನೀರಿಗೂ ಇದೇ ಉತ್ತರ.

ಮಾತ್ರೆ ತಡೆಯೋದು ರಕ್ತದ ಕ್ಯಾಲ್ಸಿಯಂ ಅಲ್ಲ, ಜೀವಕೋಶದ ಬಾಗಿಲನ್ನ. ಮೇಲೆ ಹೇಳಿದರಲ್ಲ ಎಲ್-ಟೈಪ್ ಚಾನೆಲ್, ಅದನ್ನೇ. ಅಮ್ಲೊಡಿಪಿನ್ ಆಗಿದ್ರೆ ಅದು ಮುಖ್ಯವಾಗಿ ರಕ್ತನಾಳದ ಗೋಡೆಯ ಸ್ನಾಯುವಿನ ಮೇಲೆ ಕೆಲಸ ಮಾಡುತ್ತೆ, ನಾಳ ಸಡಿಲ ಆಗುತ್ತೆ, ಬಿಪಿ ಇಳಿಯುತ್ತೆ. ಕಾಲಿನ ಗಿಣ್ಣು ಊದಿಕೊಂಡ್ರೆ ಡಾಕ್ಟರಿಗೆ ಹೇಳಿ, ಮಾತ್ರೆ ನೀವೇ ನಿಲ್ಲಿಸಬೇಡಿ.

ಚಿಂತಾಮಣಿ_ಐಸಿಯು:
ಇಲ್ಲಿ ಒಂದು ಎಚ್ಚರಿಕೆ ಸೇರಿಸ್ತೀನಿ. ಅಮ್ಲೊಡಿಪಿನ್ ಬೇರೆ, ವೆರಪಮಿಲ್, ಡಿಲ್ಟಿಯಾಜೆಮ್ ಬೇರೆ. ಕೊನೆಯ ಎರಡು ಹೃದಯದ ಚಾನೆಲನ್ನೇ ಹಿಡಿಯುತ್ತವೆ. ಪಂಪಿಂಗ್ ಕಡಿಮೆಯಿರೋ ಹೃದಯ ವೈಫಲ್ಯದ ರೋಗಿಗೆ ಅವೆರಡೂ ಕೂಡದು. ಬೀಟಾ ಬ್ಲಾಕರ್ ಜೊತೆ ಸೇರಿದ್ರೆ ನಾಡಿ ತೀರಾ ಇಳಿಯುತ್ತೆ, ಹಾರ್ಟ್ ಬ್ಲಾಕ್ ಆಗಬಹುದು. ಬೇರೆ ಬೇರೆ ಡಾಕ್ಟರು ಬರೆದ ಎರಡು ಚೀಟಿ ಒಂದೇ ಅಂಗಡಿಗೆ ಬಂದಾಗ ಮೆಡಿಕಲ್ ಸ್ಟೋರಿನವರು ಇದನ್ನ ನೋಡಲೇಬೇಕು.

ಕ್ಯಾತ್ಸಂದ್ರ_ಬಯಾಲಜಿ:
ಎರಡನೇ ಪ್ರಶ್ನೆ ಹಾಗೇ ಉಳೀತು. ಯಾಕೆ ಪೂರ್ತಿ ಖಾಲಿಯಾಗಲ್ಲ?

ಟಮಕ_ಫಿಸಿಯೊ:
ಚೀಲದೊಳಗೆ ಕ್ಯಾಲ್ಸಿಯಂ ಕಡಿಮೆ ಆದಂತೆ ರಿಸೆಪ್ಟರ್ ತಾನೇ ಮುಚ್ಚಿಕೊಳ್ಳುತ್ತೆ. ಜೊತೆಗೆ ಎಲ್-ಟೈಪ್ ಚಾನೆಲ್ಲಿಗೆ ಕ್ಯಾಲ್ಮಾಡುಲಿನ್ ಅನ್ನೋ ಪ್ರೋಟೀನು ಅಂಟಿಕೊಂಡಿರುತ್ತೆ, ಸಂದಿಯಲ್ಲಿ ಕ್ಯಾಲ್ಸಿಯಂ ಏರಿದ ಕೂಡಲೇ ಅದು ಚಾನೆಲನ್ನ ನಿಷ್ಕ್ರಿಯ ಮಾಡುತ್ತೆ. ಒಳಗೆ ಬರೋದೂ ನಿಲ್ಲುತ್ತೆ.

ಪ್ಯಾಚ್‌ಕ್ಲ್ಯಾಂಪ್_ತುಮಕೂರು:
ಅಷ್ಟು ಸಾಕಾಗಲ್ಲ ಸರ್. ಎಲ್ಲ ರಿಸೆಪ್ಟರುಗಳೂ ಒಂದೇ ಕ್ಯಾಲ್ಸಿಯಂ ಕೊಳವನ್ನ ನೋಡ್ತಿದ್ರೆ, ಒಂದು ತೆರೆದದ್ದು ಉಳಿದ ಎಲ್ಲವನ್ನೂ ತೆರೆಸಲೇಬೇಕು. ಆಗ ಸಂಕೋಚನ ಇದ್ರೆ ಪೂರ್ತಿ, ಇಲ್ಲದಿದ್ರೆ ಸೊನ್ನೆ. ಆದ್ರೆ ಪ್ರಯೋಗದಲ್ಲಿ ಎಲ್-ಟೈಪ್ ಪ್ರವಾಹ ಅರ್ಧ ಆದ್ರೆ ಬಿಡುಗಡೆಯೂ ಆ ಲೆಕ್ಕಕ್ಕೆ ಇಳಿಯುತ್ತೆ. ಸಕಾರಾತ್ಮಕ ಹಿಮ್ಮಾಹಿತಿ ಇದ್ದೂ ಹೀಗೆ ಹತೋಟಿಯಲ್ಲಿರೋದು ಹೇಗೆ ಅನ್ನೋದೇ ನಿಜವಾದ ಪ್ರಶ್ನೆ.

ಉತ್ತರ ಇರೋದು ಜಾಗದಲ್ಲಿ. ರಿಸೆಪ್ಟರುಗಳು ಗುಂಪು ಗುಂಪಾಗಿವೆ, ಒಂದೊಂದು ಗುಂಪಿಗೂ ತನ್ನದೇ ಸಂದು, ತನ್ನದೇ ಕೆಲವು ಎಲ್-ಟೈಪ್ ಚಾನೆಲ್. ಸಂದಿಯೊಳಗೆ ಕ್ಯಾಲ್ಸಿಯಂ ಹತ್ತಾರು ಮೈಕ್ರೋಮೋಲಾರಿಗೂ ಮೇಲೆ ಏರುತ್ತೆ. ಒಂದು ಮೈಕ್ರೋಮೀಟರ್ ಆಚೆಗೆ ಹೋಗೋಷ್ಟರಲ್ಲಿ ಅದು ಹರಡಿ, ಪ್ರೋಟೀನುಗಳಿಗೆ ಅಂಟಿ ತೀರಾ ಇಳಿದಿರುತ್ತೆ. ಹಾಗಾಗಿ ಪಕ್ಕದ ಗುಂಪು ಸಾಮಾನ್ಯವಾಗಿ ಎಚ್ಚರಗೊಳ್ಳಲ್ಲ. ಕೋಲಾರದ ಕೆರೆಗೆ ಹೋಲಿಸಿದ್ರೆ, ಏರಿ ಒಡೆಯೋದಲ್ಲ ಇದು. ಸಾವಿರಾರು ತೂಬು, ಪ್ರತಿ ತೂಬಿಗೂ ಬೇರೆ ನೀರುಗಂಟಿ. ಎಷ್ಟು ತೂಬು ತೆರೆದವು ಅನ್ನೋದರ ಮೇಲೆ ಒಟ್ಟು ನೀರು.

ಈ ಸ್ಥಳೀಯ ನಿಯಂತ್ರಣದ ಸಿದ್ಧಾಂತವನ್ನ ಮೈಕಲ್ ಸ್ಟರ್ನ್ 1992ರಲ್ಲಿ ಗಣಿತದಲ್ಲಿ ಮಂಡಿಸಿದರು. ಮರುವರ್ಷ, 1993ರಲ್ಲಿ, ಚೆಂಗ್, ಲೆಡರರ್, ಕ್ಯಾನೆಲ್ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಗುಂಪಿನ ಬಿಡುಗಡೆಯನ್ನ ಕಣ್ಣಾರೆ ತೋರಿಸಿದರು. ಅದಕ್ಕೆ ಕ್ಯಾಲ್ಸಿಯಂ ಸ್ಪಾರ್ಕ್ ಅಂತ ಹೆಸರು. ಅಗಲ ಸುಮಾರು 2 ಮೈಕ್ರೋಮೀಟರ್, 10 ಮಿಲಿಸೆಕೆಂಡಿನಲ್ಲಿ ಏರಿ ಇನ್ನು 20-30ರಲ್ಲಿ ಇಳಿದುಬಿಡುತ್ತೆ. ಒಂದು ಬಡಿತ ಅಂದ್ರೆ ಸಾವಿರಾರು ಸ್ಪಾರ್ಕ್ ಏಕಕಾಲಕ್ಕೆ.

ಟಮಕ_ಫಿಸಿಯೊ:
ಸ್ಥಳೀಯ ನಿಯಂತ್ರಣಕ್ಕೆ ನನ್ನ ತಕರಾರಿಲ್ಲ. ಆದ್ರೆ ಅದು ಹೇಳೋದು ಪಕ್ಕದ ಗುಂಪು ಯಾಕೆ ಹೊತ್ತಿಕೊಳ್ಳಲ್ಲ ಅಂತ. ಹೊತ್ತಿಕೊಂಡ ಗುಂಪೇ ಯಾಕೆ ಆರುತ್ತೆ ಅಂತ ಅದು ಹೇಳಲ್ಲ. ಅದಕ್ಕೆ ಚೀಲ ಬರಿದಾಗೋದೇ ಬೇಕು. ಬಡಿತಕ್ಕೆ ಚೀಲದ ಅರ್ಧದಷ್ಟು ಖಾಲಿಯಾಗುತ್ತೆ. ಹೊರಬೀಳೋ ವೇಗ ಕಡಿಮೆಯಾದಾಗ ಸಂದಿಯ ಕ್ಯಾಲ್ಸಿಯಂ ಇಳಿಯುತ್ತೆ, ಒಂದು ರಿಸೆಪ್ಟರ್ ಇನ್ನೊಂದನ್ನ ತೆರೆದಿಡೋ ಶಕ್ತಿ ಕಳ್ಕೊಳ್ಳುತ್ತೆ, ಗುಂಪು ಮುಚ್ಚುತ್ತೆ.

ಪ್ಯಾಚ್‌ಕ್ಲ್ಯಾಂಪ್_ತುಮಕೂರು:
ಹೌದು, ಅದಕ್ಕೆ ಈಗ ಬೆಂಬಲ ಹೆಚ್ಚು. ಚೀಲದೊಳಗಿನ ಕ್ಯಾಲ್ಸಿಯಂ ರಿಸೆಪ್ಟರನ್ನ ಒಳಗಿನಿಂದಲೇ ಹತೋಟಿ ಮಾಡುತ್ತೋ, ಬರೀ ಹೊರಹರಿವು ಕುಂದಿದ್ದರಿಂದ ಮುಚ್ಚುತ್ತೋ ಅನ್ನೋದರಲ್ಲಿ ಇನ್ನೂ ಜಗಳ ಇದೆ. ತರಗತಿಯಲ್ಲಿ ಎರಡನ್ನೂ ಹೇಳಿ, ಒಂದನ್ನೇ ಅಂತಿಮ ಅಂತ ಬರೆಸಬೇಡಿ.

ಮಾಲೂರು_ಹುಡುಗ:
ಸಂಖ್ಯೆ ಹೇಳಿ ಸಾರ್, ಪರೀಕ್ಷೆಗೆ ಬೇಕು. ವಿಶ್ರಾಂತಿಯಲ್ಲಿ ಎಷ್ಟು, ಬಡಿತದಲ್ಲಿ ಎಷ್ಟು?

ಟಮಕ_ಫಿಸಿಯೊ:
ವಿಶ್ರಾಂತಿಯಲ್ಲಿ ಕೋಶದ್ರವದ ಬಿಡಿ ಕ್ಯಾಲ್ಸಿಯಂ 100 ನ್ಯಾನೊಮೋಲಾರ್ ಆಸುಪಾಸು. ಬಡಿತದ ಶಿಖರದಲ್ಲಿ 600 ನ್ಯಾನೊಮೋಲಾರಿನಿಂದ 1 ಮೈಕ್ರೋಮೋಲಾರ್. ಹೊರಗೆ 1 ಮಿಲಿಮೋಲಾರಿಗಿಂತ ಸ್ವಲ್ಪ ಹೆಚ್ಚು, ಅಂದ್ರೆ ವಿಶ್ರಾಂತಿಗೆ ಹೋಲಿಸಿದ್ರೆ 10,000 ಪಟ್ಟು.

ಇದರ ಜೊತೆ ಇನ್ನೊಂದು ಬರ್ಕೊಳ್ಳಿ, ಇದನ್ನ ಎಲ್ಲರೂ ಬಿಡ್ತಾರೆ. ಬಿಡಿ ಕ್ಯಾಲ್ಸಿಯಂ ಬರೀ 1 ಮೈಕ್ರೋಮೋಲಾರ್ ಏರೋಕೆ ನಿಜವಾಗಿ ಒಳಗೆ ಸುರಿಯಬೇಕಾದದ್ದು 50ರಿಂದ 100 ಮೈಕ್ರೋಮೋಲಾರ್. ಉಳಿದದ್ದೆಲ್ಲ ಟ್ರೊಪೊನಿನ್ ಸಿ, ಚೀಲಕ್ಕೆ ಕ್ಯಾಲ್ಸಿಯಂ ವಾಪಸ್ ತುಂಬೋ ಸರ್ಕಾ ಪಂಪು, ಕ್ಯಾಲ್ಮಾಡುಲಿನ್ ಮುಂತಾದವಕ್ಕೆ ಅಂಟಿಹೋಗುತ್ತೆ. ಹೃದಯದ ಟ್ರೊಪೊನಿನ್ ಸಿ ಯಲ್ಲಿ ಸಂಕೋಚನ ನಿಯಂತ್ರಿಸೋ ತಾಣ ಒಂದೇ, ವೇಗದ ಅಸ್ಥಿಸ್ನಾಯುವಿನಲ್ಲಿ ಎರಡು. ಮತ್ತೆ ಮಾಮೂಲಿ ಬಡಿತದಲ್ಲಿ ಆ ತಾಣಗಳು ಪೂರ್ತಿ ತುಂಬಲ್ಲ. ಅದಕ್ಕೇ ಹೃದಯಕ್ಕೆ ಮೀಸಲು ಉಳಿದಿರುತ್ತೆ. ಓಡುವಾಗ ಬಲ ಹೆಚ್ಚೋದು ಹೊಸ ತಂತುಗಳನ್ನ ಸೇರಿಸಿಕೊಂಡಲ್ಲ, ಪ್ರತಿ ಕೋಶದಲ್ಲೂ ಕ್ಯಾಲ್ಸಿಯಂ ಹೆಚ್ಚು ಬಿಟ್ಟು.

ಪಶುವೈದ್ಯ_ಗೌರಿಬಿದನೂರು:
ಚರ್ಚೆ ಚೆನ್ನಾಗಿದೆ. ನಮ್ಮ ಕ್ಷೇತ್ರದಿಂದ ಒಂದು ಪ್ರಶ್ನೆ ಇಡ್ತೀನಿ. ಕೈಕಾಲಿನ ಸ್ನಾಯುವಿಗೆ ಹೊರಗಿನ ಕ್ಯಾಲ್ಸಿಯಂ ಬೇಡ ಅಂದ್ರಲ್ಲ, ಕರು ಹಾಕಿದ ಎಚ್‌ಎಫ್ ಹಸು ಹಾಲು ಜ್ವರದಲ್ಲಿ ನೆಲ ಹಿಡಿಯುತ್ತೆ, ಏಳೋಕೇ ಆಗಲ್ಲ. ರಕ್ತದ ಕ್ಯಾಲ್ಸಿಯಂ ಬಿದ್ದದ್ದೇ ಕಾರಣ, ಬಾಟಲಿ ಏರಿಸಿದ್ರೆ ಎದ್ದು ನಿಲ್ಲುತ್ತೆ. ಸಿದ್ಧಾಂತ ಎಲ್ಲಿ ಹೊಂದುತ್ತೆ?

ಟಮಕ_ಫಿಸಿಯೊ:
ಸ್ನಾಯುವಿನಲ್ಲಿ ಅಲ್ಲ, ಸ್ನಾಯುವಿಗೆ ನರ ಸೇರೋ ಜಾಗದಲ್ಲಿ. ನರದ ತುದಿ ಅಸಿಟೈಲ್‌ಕೋಲಿನ್ ಬಿಡಬೇಕಾದ್ರೆ ಹೊರಗಿನ ಕ್ಯಾಲ್ಸಿಯಂ ನರದೊಳಗೆ ಬರಬೇಕು. ಅದು ಕಡಿಮೆಯಾದ್ರೆ ಸಂದೇಶವೇ ಸ್ನಾಯುವಿಗೆ ಮುಟ್ಟಲ್ಲ. ಕ್ಯಾಲ್ಸಿಯಂ ಇಲ್ಲದ ದ್ರಾವಣದ ಪ್ರಯೋಗದಲ್ಲಿ ಸ್ನಾಯುವಿಗೆ ನೇರವಾಗಿ ವಿದ್ಯುತ್ ಕೊಡ್ತಾರೆ, ನರ ದಾಟಬೇಕಾಗಿಲ್ಲ. ಎರಡೂ ನಿಜ.

ಮಾಲೂರು_ಹುಡುಗ:
ಆದ್ರೆ ಮನುಷ್ಯರಲ್ಲಿ ಕ್ಯಾಲ್ಸಿಯಂ ಕಡಿಮೆಯಾದ್ರೆ ಕೈ ಸೆಟೆದುಕೊಳ್ಳುತ್ತಲ್ಲ, ಸಡಿಲ ಆಗಲ್ಲ?

ಪಶುವೈದ್ಯ_ಗೌರಿಬಿದನೂರು:
ಎರಡು ಪರಿಣಾಮ ಒಟ್ಟಿಗೇ ನಡೆಯುತ್ತೆ. ನರದ ಪೊರೆ ಅತಿ ಸೂಕ್ಷ್ಮ ಆಗೋದು ಒಂದು, ಅಸಿಟೈಲ್‌ಕೋಲಿನ್ ಬಿಡುಗಡೆ ಕುಗ್ಗೋದು ಇನ್ನೊಂದು. ಮನುಷ್ಯ, ನಾಯಿ ಇವರಲ್ಲಿ ಮೊದಲನೇದು ಗೆಲ್ಲುತ್ತೆ, ಸೆಟೆತ. ಹಸುವಿನಲ್ಲಿ ಶುರುವಿಗೆ ಸ್ವಲ್ಪ ಹೊತ್ತು ನಡುಕ, ಆಮೇಲೆ ಎರಡನೇದು ಗೆದ್ದು ಜೋಲುತ್ತೆ. ಕತ್ತು ಪಕ್ಕೆಗೆ ತಿರುಗಿಸಿ ಮಲಗುತ್ತೆ, ಮೂತಿ ಒಣಗುತ್ತೆ, ಕಿವಿ ತಣ್ಣಗಾಗುತ್ತೆ, ಮೆಲುಕು ನಿಲ್ಲುತ್ತೆ, ಹೊಟ್ಟೆ ಉಬ್ಬರಿಸುತ್ತೆ.

ಹೃದಯ ಮಾತ್ರ ನಿಮ್ಮ ಸಿದ್ಧಾಂತದಂತೆಯೇ. ನಾಡಿ ಜೋರು, ಆದ್ರೆ ಸ್ಟೆತಸ್ಕೋಪಿನಲ್ಲಿ ಶಬ್ದ ತೀರಾ ಮೆಲ್ಲಗೆ. ಪ್ರತಿ ಬಡಿತಕ್ಕೂ ಬಲ ಇಲ್ಲ, ಹಾಗಾಗಿ ಎಣಿಕೆ ಹೆಚ್ಚಿಸಿ ಸರಿದೂಗಿಸುತ್ತೆ.

ರಾಗಿಹೊಲ_ಕೋಲಾರ:
ಡಾಕ್ಟ್ರೇ, ಕರು ಹಾಕಿದ್ ತಕ್ಷಣಾನೇ ಯಾಕೆ ಬರುತ್ತೆ? ಮೇವಲ್ಲಿ ಸುಣ್ಣ ಪುಡಿ ಹಾಕ್ತಾನೇ ಇರ್ತೀವಿ.

ಪಶುವೈದ್ಯ_ಗೌರಿಬಿದನೂರು:
10 ಕೆಜಿ ಗಿಣ್ಣುಹಾಲಿನಲ್ಲಿ ಸುಮಾರು 23 ಗ್ರಾಂ ಕ್ಯಾಲ್ಸಿಯಂ ಹೋಗುತ್ತೆ. ಹಸುವಿನ ಇಡೀ ರಕ್ತದ ಪ್ಲಾಸ್ಮಾದಲ್ಲಿ ಇರೋದೇ 3 ಗ್ರಾಂ ಒಳಗೆ. ಮೂಳೆಯಿಂದ ತೆಗೆದುಕೊಡೋ ವ್ಯವಸ್ಥೆ ಚುರುಕಾಗೋಕೆ ಒಂದೆರಡು ದಿನ ಬೇಕು. ಕರು ಹಾಕೋ ಮುಂಚಿನ ಮೂರು ವಾರ ಮೇವಿನಲ್ಲಿ ಕ್ಯಾಲ್ಸಿಯಂ ತುಂಬಾ ಕೊಟ್ಟರೆ ಆ ವ್ಯವಸ್ಥೆ ಮಲಗಿಬಿಡುತ್ತೆ. ಹಾಗಾಗಿ ಆ ಅವಧಿಯಲ್ಲಿ ಖನಿಜ ಮಿಶ್ರಣ ಎಷ್ಟು, ಯಾವುದು ಅಂತ ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿ. ಸುಣ್ಣ ಪುಡಿ ಕಣ್ಣಂದಾಜಿಗೆ ಸುರಿಯೋದು ಬೇಡ.

ಇನ್ನೊಂದು ಮುಖ್ಯ ವಿಷಯ, ದಯವಿಟ್ಟು ಗಮನಿಸಿ. 450 ಮಿಲೀ ಕ್ಯಾಲ್ಸಿಯಂ ಬೋರೊಗ್ಲುಕೊನೇಟ್ ಬಾಟಲಿಯಲ್ಲಿ 8-9 ಗ್ರಾಂ ಕ್ಯಾಲ್ಸಿಯಂ ಇದೆ, ರಕ್ತದಲ್ಲಿರೋದರ ಮೂರು ಪಟ್ಟು. ಅದನ್ನ ಕತ್ತಿನ ರಕ್ತನಾಳಕ್ಕೆ ಎರಡು ನಿಮಿಷದಲ್ಲಿ ಖಾಲಿ ಮಾಡಿದ್ರೆ ಹಸು ಅಲ್ಲೇ ಹೋಗುತ್ತೆ. ನಿಮಿಷಕ್ಕೆ 1 ಗ್ರಾಂ ಮೀರಬಾರದು, ಅಂದ್ರೆ ಬಾಟಲಿಗೆ ಕನಿಷ್ಠ 10 ನಿಮಿಷ. ಬಾಟಲಿಯನ್ನ ಬಿಸಿನೀರಲ್ಲಿಟ್ಟು ಮೈ ಬಿಸಿಗೆ ತರಬೇಕು. ಒಂದು ಕೈ ಬಾಟಲಿಯಲ್ಲಿದ್ರೆ ಕಿವಿ ಹೃದಯದ ಮೇಲೆ. ಶಬ್ದ ಗಟ್ಟಿಯಾಗ್ತಾ, ನಾಡಿ ನಿಧಾನ ಆಗ್ತಾ ಬಂದ್ರೆ ಸರಿ. ತಾಳ ತಪ್ಪಿದ್ರೆ, ನಾಡಿ ದಿಢೀರ್ ಕುಸಿದ್ರೆ ತಕ್ಷಣ ನಿಲ್ಲಿಸಬೇಕು. ಪಕ್ಕೆ ನಡುಗಿ, ತೇಗಿ, ಸಗಣಿ ಹಾಕಿದ್ರೆ ಗೆದ್ದ ಹಾಗೆ. ಹಳ್ಳಿಯಲ್ಲಿ ಅವಸರಕ್ಕೆ ತಾವೇ ಬಾಟಲಿ ಚುಚ್ಚೋರು ಇದ್ದಾರೆ. ಬೇಡ.

ಚಿಂತಾಮಣಿ_ಐಸಿಯು:
ಮನುಷ್ಯರಿಗೂ ಇದೇ ನಿಯಮ. ಪೊಟ್ಯಾಸಿಯಂ ಏರಿ ಇಸಿಜಿ ಕೆಟ್ಟಾಗ 10 ಪರ್ಸೆಂಟ್ ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿಲೀ ನಿಧಾನವಾಗಿ, ಮಾನಿಟರ್ ನೋಡ್ಕೊಂಡು. ಅದರಲ್ಲಿ ಇರೋ ಕ್ಯಾಲ್ಸಿಯಂ 93 ಮಿಲಿಗ್ರಾಂ ಅಷ್ಟೇ. ಅದೇ ಅಳತೆಯ ಕ್ಯಾಲ್ಸಿಯಂ ಕ್ಲೋರೈಡ್ ಆದ್ರೆ 272, ಮೂರು ಪಟ್ಟು. ಆಂಪೂಲ್ ಓದದೆ ಒಂದರ ಬದಲು ಇನ್ನೊಂದು ಎಳೆಯಬಾರದು. ಕ್ಲೋರೈಡ್ ರಕ್ತನಾಳದಿಂದ ಆಚೆ ಸೋರಿದ್ರೆ ಚರ್ಮ ಕೊಳೆಯುತ್ತೆ. ಸೋಡಾ ಬೈಕಾರ್ಬ್ ಹೋಗ್ತಿರೋ ಲೈನಲ್ಲೇ ಕೊಟ್ಟರೆ ಒಳಗೇ ಸುಣ್ಣ ಕಟ್ಟುತ್ತೆ. ರಿಂಗರ್ ಲ್ಯಾಕ್ಟೇಟಿನಲ್ಲೂ ಕ್ಯಾಲ್ಸಿಯಂ ಇರೋದ್ರಿಂದ ಸೆಫ್ಟ್ರಿಯಾಕ್ಸೋನ್ ಅದೇ ಲೈನಲ್ಲಿ ಜೊತೆಗೆ ಬೇಡ, ನವಜಾತ ಶಿಶುಗಳಲ್ಲಂತೂ ತೀರಾ ಅಪಾಯ.

ಮತ್ತೆ ಇದು ಪೊಟ್ಯಾಸಿಯಂ ಇಳಿಸಲ್ಲ. ಹೃದಯದ ಪೊರೆಯನ್ನ ಅರ್ಧ ಗಂಟೆಯಿಂದ ಒಂದು ಗಂಟೆ ಕಾಪಾಡುತ್ತೆ. ಅಷ್ಟರೊಳಗೆ ಇನ್ಸುಲಿನ್-ಗ್ಲೂಕೋಸ್, ಬೇಕಾದ್ರೆ ಡಯಾಲಿಸಿಸ್ ಕಡೆಗೆ ಹೋಗಬೇಕು.

ಶಿರಾ_ಫಾರ್ಮಸಿ:
ತುಂಬಾ ಬಾಟಲಿ ರಕ್ತ ಏರಿಸಿದಾಗಲೂ ಕ್ಯಾಲ್ಸಿಯಂ ನೋಡ್ತಾರಲ್ವಾ? ಸಿಟ್ರೇಟ್ ಕಾರಣಕ್ಕೆ?

ಚಿಂತಾಮಣಿ_ಐಸಿಯು:
ಹೌದು. ರಕ್ತದ ಚೀಲದ ಸಿಟ್ರೇಟ್ ಅಯಾನು ರೂಪದ ಕ್ಯಾಲ್ಸಿಯಂ ಹಿಡಿದುಬಿಡುತ್ತೆ. ಒಟ್ಟು ಕ್ಯಾಲ್ಸಿಯಂ ರಿಪೋರ್ಟ್ ಚೆನ್ನಾಗೇ ಕಾಣುತ್ತೆ, ಹೃದಯಕ್ಕೆ ಸಿಗೋದು ಬಿದ್ದಿರುತ್ತೆ, ಬಿಪಿ ಇಳಿಯುತ್ತೆ, ಇಸಿಜಿಯಲ್ಲಿ ಕ್ಯೂಟಿ ಅನ್ನೋ ಅಂತರ ಉದ್ದ ಆಗುತ್ತೆ. ಆಗ ಬ್ಲಡ್ ಗ್ಯಾಸ್ ಯಂತ್ರದಲ್ಲಿ ಅಯೊನೈಸ್ಡ್ ಕ್ಯಾಲ್ಸಿಯಂ ನೋಡಬೇಕು.

ಕ್ಯಾತ್ಸಂದ್ರ_ಬಯಾಲಜಿ:
ಒಳಗೆ ಬಂದದ್ದರ ಬಗ್ಗೆ ಇಷ್ಟು ಮಾತಾಯ್ತು. ಹೊರಗೆ ಹೋಗೋದು?

ಪ್ಯಾಚ್‌ಕ್ಲ್ಯಾಂಪ್_ತುಮಕೂರು:
ಪಾಠದಲ್ಲಿ ಅನ್ಯಾಯ ಆಗೋದೇ ಇಲ್ಲಿ. ಸಡಿಲಗೊಳ್ಳೋದು ಸುಮ್ಮನೆ ಬಿಟ್ಟುಬಿಡೋದಲ್ಲ, ಎಟಿಪಿ ಸುಟ್ಟು ಮಾಡೋ ಕೆಲಸ. ಎರಡು ಮುಖ್ಯ ದಾರಿ. ಚೀಲಕ್ಕೆ ವಾಪಸ್ ತುಂಬೋ ಸರ್ಕಾ ಪಂಪು, ಒಂದು ಎಟಿಪಿಗೆ ಎರಡು ಕ್ಯಾಲ್ಸಿಯಂ. ಕೋಶದಿಂದ ಹೊರಗೆ ಹಾಕೋ ಸೋಡಿಯಂ-ಕ್ಯಾಲ್ಸಿಯಂ ಎಕ್ಸ್‌ಚೇಂಜರ್, ಮೂರು ಸೋಡಿಯಂ ಒಳಗೆ, ಒಂದು ಕ್ಯಾಲ್ಸಿಯಂ ಹೊರಗೆ. ಮೊಲದ ಕುಹರದಲ್ಲಿ ಸರ್ಕಾ ಪಾಲು 70 ಪರ್ಸೆಂಟ್, ಎಕ್ಸ್‌ಚೇಂಜರಿನದು 28, ಉಳಿದ 2 ಪರ್ಸೆಂಟ್ ಬೇರೆಯವು. ಇಲಿಯಲ್ಲಿ 92ಕ್ಕೆ 7. ಮನುಷ್ಯರದ್ದು ಮೊಲದ ಹತ್ತಿರ. ಇಲಿ ಹೃದಯದ ಫಲಿತಾಂಶವನ್ನ ಹಾಗೇ ಮನುಷ್ಯರಿಗೆ ಹಚ್ಚಬಾರದು ಅನ್ನೋದು ಇದಕ್ಕೇ.

ಲೆಕ್ಕ ಮುಖ್ಯ. ಪ್ರತಿ ಬಡಿತದಲ್ಲಿ ಹೊರಗಿನಿಂದ ಬಂದಷ್ಟೇ ಹೊರಗೆ ಹೋಗಬೇಕು, ಚೀಲದಿಂದ ಬಂದಷ್ಟೇ ಚೀಲಕ್ಕೆ. ಸ್ವಲ್ಪ ಹೆಚ್ಚು ಉಳಿದ್ರೆ ಕೆಲವೇ ಬಡಿತದಲ್ಲಿ ಚೀಲ ತುಂಬಿ ಬಲ ಏರುತ್ತೆ.

ಅಡ್ರಿನಲಿನ್ ಬಂದಾಗ ಪಿಕೆಎ ಅನ್ನೋ ಕಿಣ್ವ ನಾಲ್ಕು ಕಡೆ ಕೈಹಾಕುತ್ತೆ. ಎಲ್-ಟೈಪ್ ಪ್ರವಾಹ ಹೆಚ್ಚುತ್ತೆ. ಸರ್ಕಾವನ್ನ ಹಿಡಿದಿಟ್ಟಿದ್ದ ಫಾಸ್ಫೊಲಂಬಾನ್ ಕೈಬಿಡುತ್ತೆ, ಪಂಪು ಚುರುಕಾಗುತ್ತೆ. ಟ್ರೊಪೊನಿನ್ ಐ ಬದಲಾಗಿ ಕ್ಯಾಲ್ಸಿಯಂ ಬೇಗ ಕಳಚಿಕೊಳ್ಳುತ್ತೆ. ರಯನೊಡಿನ್ ರಿಸೆಪ್ಟರಿಗೂ ಫಾಸ್ಫೇಟ್ ಸೇರುತ್ತೆ. ಹಾಗಾಗಿ ಬಲವೂ ಹೆಚ್ಚು, ಸಡಿಲಿಕೆಯೂ ಬೇಗ. ನಿಮಿಷಕ್ಕೆ 150 ಸಲ ಬಡಿವಾಗ ಸಡಿಲಿಕೆ ಬೇಗ ಆಗದಿದ್ರೆ ರಕ್ತ ತುಂಬಿಕೊಳ್ಳೋಕೆ ಸಮಯ ಎಲ್ಲಿ?

ಶಿರಾ_ಫಾರ್ಮಸಿ:
ಡಿಗಾಕ್ಸಿನ್ ಇಲ್ಲೇ ಬರೋದು. ಅದು ಸೋಡಿಯಂ-ಪೊಟ್ಯಾಸಿಯಂ ಪಂಪನ್ನ ತಡೆಯುತ್ತೆ, ಒಳಗೆ ಸೋಡಿಯಂ ಏರುತ್ತೆ, ಎಕ್ಸ್‌ಚೇಂಜರಿನ ಕೆಲಸ ಕುಂಟುತ್ತೆ, ಕ್ಯಾಲ್ಸಿಯಂ ಒಳಗೇ ಉಳಿದು ಚೀಲ ತುಂಬುತ್ತೆ. ಬಲ ಹೆಚ್ಚುತ್ತೆ. ಮಿತಿ ಕಿರಿದು: ಹೃದಯ ವೈಫಲ್ಯದಲ್ಲಿ ರಕ್ತದಲ್ಲಿ ಮಿಲೀಗೆ 0.5ರಿಂದ 0.9 ನ್ಯಾನೊಗ್ರಾಂ. ಮೂತ್ರ ಹೋಗಿಸೋ ಮಾತ್ರೆಯಿಂದ ಪೊಟ್ಯಾಸಿಯಂ ಇಳಿದ್ರೆ ಅದೇ ಡೋಸ್ ವಿಷ ಆಗುತ್ತೆ. ವೆರಪಮಿಲ್ ಸೇರಿದ್ರೂ ಡಿಗಾಕ್ಸಿನ್ ಮಟ್ಟ ಏರುತ್ತೆ.

ಪಶುವೈದ್ಯ_ಗೌರಿಬಿದನೂರು:
ಹೆದ್ದಾರಿ ನಡುವೆ ಬೆಳೆಸಿರೋ ಕಣಗಿಲೆಯಲ್ಲೂ ಇದೇ ಜಾತಿಯ ವಿಷ. ಸವರಿ ರಸ್ತೆ ಪಕ್ಕ ಹಾಕಿದ ಸೊಪ್ಪನ್ನ ದನ ತಿಂದುಬಿಡ್ತವೆ. ಒಣಗಿದ್ರೂ ವಿಷ ಹೋಗಲ್ಲ. ಇಲ್ಲಿ ಒಂದು ಭಾರಿ ಅಪಾಯ: ಕಣಗಿಲೆ ತಿಂದು ಬಿದ್ದ ಹಸುವನ್ನ ಹಾಲು ಜ್ವರ ಅಂತ ತಿಳಿದು ಕ್ಯಾಲ್ಸಿಯಂ ಏರಿಸೋದು. ಚೀಲ ಆಗಲೇ ತುಂಬಿ ತುಳುಕ್ತಿದೆ, ಅದರ ಮೇಲೆ ಇನ್ನಷ್ಟು. ಕರು ಹಾಕಿ ಎಷ್ಟು ದಿನ ಆಯ್ತು, ಎಲ್ಲಿ ಮೇಯ್ದಿತ್ತು, ನಾಡಿಯ ತಾಳ ಹೇಗಿದೆ, ಇವು ಗೊತ್ತಾಗದೆ ಸೂಜಿ ಹಾಕಬಾರದು.

ಚಿಂತಾಮಣಿ_ಐಸಿಯು:
ಮನುಷ್ಯರಲ್ಲಿ ಡಿಗಾಕ್ಸಿನ್ ವಿಷಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಹೃದಯ ಕಲ್ಲಾಗುತ್ತೆ ಅಂತ ಹಳೇ ಪುಸ್ತಕ ಹೇಳ್ತಿತ್ತು. ಈಚಿನ ವಿಶ್ಲೇಷಣೆಗಳಲ್ಲಿ ಅಷ್ಟು ಹಾನಿ ಕಂಡಿಲ್ಲ. ಆದ್ರೂ ಮೊದಲ ಆಯ್ಕೆ ಡಿಗಾಕ್ಸಿನ್ ವಿರುದ್ಧದ ಆಂಟಿಬಾಡಿ.

ಪಶುವೈದ್ಯ_ಗೌರಿಬಿದನೂರು:
ದನಕ್ಕೆ ಆ ಆಂಟಿಬಾಡಿ ಎಲ್ಲಿಂದ ತರೋಣ ಮೇಡಂ? ನಮಗೆ ಹಳೇ ಎಚ್ಚರಿಕೆಯೇ ಕ್ಷೇಮ.

ಮಾಲೂರು_ಹುಡುಗ:
ಚೀಲ ತುಂಬಿ ತುಳುಕಿದ್ರೆ ತಾಳ ಯಾಕೆ ತಪ್ಪಬೇಕು? ಬಲ ಹೆಚ್ಚಾಗಬೇಕಷ್ಟೇ ಅಲ್ವಾ?

ಪ್ಯಾಚ್‌ಕ್ಲ್ಯಾಂಪ್_ತುಮಕೂರು:
ಮಿತಿ ಮೀರಿ ತುಂಬಿದಾಗ ಸಂಕೇತ ಇಲ್ಲದೆಯೇ ಸ್ಪಾರ್ಕ್ ಹುಟ್ಟುತ್ತೆ, ಮತ್ತು ಈಗ ಪಕ್ಕದ ಗುಂಪನ್ನೂ ಎಬ್ಬಿಸುತ್ತೆ. ಕೋಶದ ಉದ್ದಕ್ಕೂ ಅಲೆಯಾಗಿ ಹರಿಯುತ್ತೆ. ಆ ಕ್ಯಾಲ್ಸಿಯಂ ಹೊರಗೆ ಹಾಕೋಕೆ ಎಕ್ಸ್‌ಚೇಂಜರ್ ಓಡುತ್ತೆ. ಮೂರು ಧನ ಚಾರ್ಜ್ ಒಳಗೆ, ಎರಡು ಹೊರಗೆ, ಅಂದ್ರೆ ಪ್ರತಿ ಸುತ್ತಿಗೂ ಒಂದು ಧನ ಚಾರ್ಜ್ ಒಳಗೆ ಉಳಿಯುತ್ತೆ. ಪೊರೆಯ ವಿಭವ ಏರುತ್ತೆ, ಹೊಸ್ತಿಲು ಮುಟ್ಟಿದ್ರೆ ಹೊತ್ತಲ್ಲದ ಹೊತ್ತಿನಲ್ಲಿ ಬಡಿತ.

ಇದೇ ದಾರಿ ಹುಟ್ಟಿನಿಂದ ಬರೋ ಒಂದು ಕಾಯಿಲೆಯಲ್ಲೂ ಇದೆ, ಸಿಪಿವಿಟಿ ಅಂತ. ರಯನೊಡಿನ್ ರಿಸೆಪ್ಟರ್ 2ರ ಅಥವಾ ಚೀಲದೊಳಗೆ ಕ್ಯಾಲ್ಸಿಯಂ ಹಿಡಿದಿಡೋ ಕ್ಯಾಲ್ಸೀಕ್ವೆಸ್ಟ್ರಿನ್‌ನ ಜೀನಿನಲ್ಲಿ ದೋಷ. 2001ರಲ್ಲಿ ಎರಡೂ ಗುರುತಾದವು. ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಸರಿಯಾಗೇ ಇರುತ್ತೆ. ಓಡಿದಾಗ, ಹೆದರಿದಾಗ ಅಡ್ರಿನಲಿನ್ ಏರಿ ಚೀಲ ತುಂಬಿದಾಗ ಮಾತ್ರ ತಾಳ ತಪ್ಪುತ್ತೆ.

ಚಿಂತಾಮಣಿ_ಐಸಿಯು:
ಆಟದ ಮೈದಾನದಲ್ಲಿ ಓಡ್ತಾ ಪ್ರಜ್ಞೆ ತಪ್ಪಿ ಬೀಳೋ ಮಗುವಿಗೆ ಮೂರ್ಛೆರೋಗ ಅಂತ ಮಾತ್ರೆ ಶುರುವಾಗಿರೋದುಂಟು. ಶ್ರಮದಲ್ಲೇ ಬಿದ್ದಿದ್ರೆ ಟ್ರೆಡ್‌ಮಿಲ್ ಟೆಸ್ಟ್ ಕೇಳಿ. ಚಿಕಿತ್ಸೆ ಇದೆ, ಬೀಟಾ ಬ್ಲಾಕರ್, ಬೇಕಾದ್ರೆ ಫ್ಲೆಕನೈಡ್. ಇದನ್ನ ಶಾಲೆಯ ಪಿಟಿ ಮೇಷ್ಟ್ರುಗಳಿಗೂ ತಿಳಿಸಬೇಕು.

ರಾಗಿಹೊಲ_ಕೋಲಾರ:
ಕಾಫಿ ಕುಡುದ್ರೂ ಎದೆ ಹೊಡ್ಕೊಳ್ಳುತ್ತೆ, ಅದೂ ಇದೇನಾ?

ಪ್ಯಾಚ್‌ಕ್ಲ್ಯಾಂಪ್_ತುಮಕೂರು:
ಅಲ್ಲ. ಕೆಫೀನ್ ರಯನೊಡಿನ್ ರಿಸೆಪ್ಟರನ್ನ ತೆರೆಯೋದು ನಿಜ, ಲ್ಯಾಬಿನಲ್ಲಿ ಚೀಲದಲ್ಲಿ ಎಷ್ಟಿದೆ ಅಂತ ಅಳೆಯೋಕೆ 10 ಮಿಲಿಮೋಲಾರ್ ಕೆಫೀನ್ ಒಮ್ಮೆಗೇ ಸುರಿದು ಖಾಲಿ ಮಾಡಿಸ್ತಾರೆ. ಕಾಫಿ ಕುಡಿದವರ ರಕ್ತದಲ್ಲಿ ಇರೋದು ಹತ್ತಾರು ಮೈಕ್ರೋಮೋಲಾರ್, ನೂರಾರು ಪಟ್ಟು ಕಡಿಮೆ. ಕಾಫಿಯ ಎದೆಬಡಿತ, ಹೃದಯವನ್ನ ನಿಧಾನಿಸೋ ಅಡೆನೊಸಿನ್‌ನ ಕೆಲಸವನ್ನ ಕೆಫೀನ್ ತಡೆಯೋದರಿಂದ ಬರೋದು.

ಕ್ಯಾತ್ಸಂದ್ರ_ಬಯಾಲಜಿ:
ಬೋರ್ಡಿನ ಮೇಲೆ ಒಂದು ಚಿತ್ರ ಬರೀಬೇಕು ಅಂದ್ರೆ ಯಾವುದು ಬರೀಲಿ?

ಟಮಕ_ಫಿಸಿಯೊ:
ಒಂದೇ ಕಾಲದ ಅಕ್ಷದ ಮೇಲೆ ಮೂರು ಗೆರೆ. ಮೊದಲು ಆ್ಯಕ್ಷನ್ ಪೊಟೆನ್ಷಿಯಲ್, 250ರಿಂದ 300 ಮಿಲಿಸೆಕೆಂಡ್ ಉದ್ದ, ನಡುವೆ ಸಮತಟ್ಟು. ಅದರ ಕೆಳಗೆ ಕ್ಯಾಲ್ಸಿಯಂ, 50ರ ಆಸುಪಾಸಿನಲ್ಲಿ ಶಿಖರ. ಅದರ ಕೆಳಗೆ ಬಲ, 150ರ ಆಸುಪಾಸಿನಲ್ಲಿ ಶಿಖರ. ಪಕ್ಕದಲ್ಲಿ ಕಾಲಿನ ಸ್ನಾಯುವಿನ ಆ್ಯಕ್ಷನ್ ಪೊಟೆನ್ಷಿಯಲ್ ಬರೆಯಿರಿ, ಬರೀ 2ರಿಂದ 5 ಮಿಲಿಸೆಕೆಂಡ್. ಹೃದಯದಲ್ಲಿ ವಿದ್ಯುತ್ ಮುಗಿಯೋಷ್ಟರಲ್ಲಿ ಬಲ ಇಳಿಯತೊಡಗಿರುತ್ತೆ, ಹಾಗಾಗಿ ಒಂದರ ಮೇಲೊಂದು ಸಂಕೋಚನ ಪೇರಿಸಿ ಬಿಗಿ ಹಿಡಿಯೋಕೆ ಅವಕಾಶವೇ ಇಲ್ಲ. ಇದು ಕಂಡರೆ ಮಕ್ಕಳು ಎಲ್-ಟೈಪ್ ಚಾನೆಲಿನ ಕೆಲಸ ತಾವೇ ಕೇಳ್ತಾರೆ, ಸಮತಟ್ಟು ಬಂದದ್ದೇ ಅದರಿಂದ.

ಮಾಲೂರು_ಹುಡುಗ:
ಹೃದಯ ವೈಫಲ್ಯದಲ್ಲಿ ಸರ್ಕಾ ಕಡಿಮೆ ಆಗುತ್ತೆ ಅಂತಾರಲ್ಲ, ಆ ಜೀನನ್ನೇ ವಾಪಸ್ ಕೊಟ್ಟರೆ ಆಗಲ್ವಾ?

ಪ್ಯಾಚ್‌ಕ್ಲ್ಯಾಂಪ್_ತುಮಕೂರು:
ಕೊಟ್ಟು ನೋಡಿದ್ದಾರೆ. ವೈರಸ್ ವಾಹಕದಲ್ಲಿ ಸರ್ಕಾ ಜೀನನ್ನ ಹೃದಯದ ರಕ್ತನಾಳಕ್ಕೆ ಬಿಟ್ಟ ಕ್ಯುಪಿಡ್ 2 ಪ್ರಯೋಗ, 250 ರೋಗಿಗಳು, ಫಲಿತಾಂಶ 2016ರಲ್ಲಿ ಬಂತು. ಪ್ರಯೋಜನ ಕಾಣಲಿಲ್ಲ. ಜೀನು ಬೇಕಾದಷ್ಟು ಕೋಶಗಳಿಗೆ ತಲುಪಲೇ ಇಲ್ಲ ಅನ್ನೋದು ಮುಖ್ಯ ಅನುಮಾನ. ಹಾಗಾಗಿ ಸಿದ್ಧಾಂತ ಸೋತಿತು ಅಂತಲೂ ಹೇಳೋಕಾಗಲ್ಲ.

ಮಾಲೂರು_ಹುಡುಗ:
ಸೋರೋ ರಿಸೆಪ್ಟರ್ ಇದ್ರೆ ಪಂಪು ಎಷ್ಟು ಹಾಕಿದ್ರೂ ಅಷ್ಟೇ ಅಲ್ವಾ?

ಪ್ಯಾಚ್‌ಕ್ಲ್ಯಾಂಪ್_ತುಮಕೂರು:
ಒಳ್ಳೇ ಪ್ರಶ್ನೆ. ಸೋರಿಕೆ ಹಾಗೇ ಇದ್ದು ಪಂಪು ಮಾತ್ರ ಹೆಚ್ಚಿಸಿದ್ರೆ ಎಟಿಪಿ ಸುಡೋದು ಹೆಚ್ಚು, ಚೀಲ ತುಂಬಿದಂತೆ ಸೋರಿಕೆಯೂ ಹೆಚ್ಚು. ಎರಡನ್ನೂ ಒಟ್ಟಿಗೆ ನೋಡಬೇಕು. ಸೋರಿಕೆಯನ್ನ ಅಳೆಯೋ ಕ್ರಮ ಬೇಕಾದ್ರೆ ಬೇರೆ ಎಳೆ ಶುರು ಮಾಡಿ, ರಿಸೆಪ್ಟರ್ ಮುಚ್ಚಿಸೋ ಟೆಟ್ರಾಕೇನ್ ಹಾಕಿ ಅಳೆಯೋದನ್ನ ಹಂತ ಹಂತವಾಗಿ ಅಲ್ಲಿ ಬರೀತೀನಿ.